ಅರವತ್ತು ಮಿಲಿಮೀಟರ್

ಆರಿದ್ರಾ ಮಳೆ ಹಿಡಿದುಕೊಂಡ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆ ಯಾವುದಾದರೂ ತೋಟಕ್ಕೆ ಹೋಗುವ ದಾರಿಯಲ್ಲಿ ನಿಂತು ನೋಡಿ. ಜಂಬಿಟ್ಟಿಗೆಯ ಏರು, ಮೇಲೆ ಪಾಚಿ, ನಡುವೆ ನೀರು ಕೊರೆದ ಕೊರಕಲು. ಜೀಪು ಲೋ ಗೇರಿನಲ್ಲಿ ಮುಕ್ಕಾಲು ಏರನ್ನು ತಕರಾರಿಲ್ಲದೆ ಹತ್ತುತ್ತದೆ. ಆಮೇಲೆ ಹಿಂಭಾಗ ಕುಣಿಯಲು ಶುರು. ಧಡ್ ಧಡ್ ಧಡ್ ಎಂದು ಚಕ್ರ ನೆಲ ಬಿಟ್ಟು ಮತ್ತೆ ನೆಲಕ್ಕೆ ಬಡಿಯುತ್ತದೆ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಬಾಗುವ ಕೀಲು) ಟಕ್ ಎನ್ನುತ್ತದೆ. ಎಕ್ಸಿಲರೇಟರ್ ಒತ್ತಿದಷ್ಟೂ ಕುಣಿತ ಹೆಚ್ಚು, ಮುಂದಕ್ಕೆ ಹೋಗುವುದು ಕಡಿಮೆ. ಚಕ್ರಕ್ಕೆ ಕಲ್ಲು ಕೊಡಲು ಹಿಂದೆ ನಿಂತ ಹುಡುಗ “ಟೈರ್ ಹೋಗಿದೆ ಕಣಣ್ಣ” ಅನ್ನುತ್ತಾನೆ. ಹೊಸ ಟೈರ್ ಬರುತ್ತದೆ. ಅದೇ ಏರಿನಲ್ಲಿ ಕುಣಿತ ಈಗ ಇನ್ನೂ ಜೋರು. ಟೈರ್ ನೆಲವನ್ನು ಗಟ್ಟಿಯಾಗಿ ಹಿಡಿದಷ್ಟೂ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಚ್ಚು) ತಿರುಚುವ ಬಲ ಹೆಚ್ಚುವುದರಿಂದ ಇದು ಹಾಗೇ ಆಗಬೇಕು.

ಹಳೆಯ ಮಹೀಂದ್ರ ಜೀಪು, ಜಿಪ್ಸಿಗಳಲ್ಲಿ ಈ ಕುಣಿತಕ್ಕೆ ಪದರ ಪದರದ ಪಟ್ಟಿ ಸ್ಪ್ರಿಂಗ್, ಅಂದರೆ ಲೀಫ್ ಪ್ಲೇಟೇ ಕಾರಣ ಎಂಬುದು ಗೊತ್ತಿರುವ ಸಂಗತಿ. ಭಾರ ಹೊರುವುದು, ಆಕ್ಸಲನ್ನು ಜಾಗದಲ್ಲಿ ಹಿಡಿಯುವುದು, ತಿರುಚನ್ನು ತಡೆಯುವುದು, ಮೂರೂ ಕೆಲಸ ಅದೊಂದರ ತಲೆಯ ಮೇಲೆ. ತಿರುಚು ಹೆಚ್ಚಾದಾಗ ಪ್ಲೇಟು ಇಂಗ್ಲಿಷ್‌ನ ಎಸ್ ಅಕ್ಷರದಂತೆ ಡೊಂಕಾಗಿ, ಚಕ್ರ ಜಾರಿದ ಕ್ಷಣ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಪ್ಲೇಟ್ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿ, ಆಕ್ಸಲನ್ನು ಚಾಸಿಗೆ ಹಿಡಿಯಲು ನಾಲ್ಕು ಲಿಂಕ್, ಅಂದರೆ ಎರಡೂ ತುದಿಗೆ ಕೀಲಿರುವ ಪೈಪಿನ ತೋಳು ಕೊಡುವುದು: ಕೆಳಗೆ ಎರಡು, ಮೇಲೆ ಎರಡು. 2020ರ ಥಾರ್‌ನ ಹಿಂಬದಿಯಲ್ಲೂ, ಜಿಮ್ನಿಯಲ್ಲೂ ಕಾಯಿಲ್ ಮತ್ತು ಲಿಂಕು ಕಂಪನಿಯಿಂದಲೇ ಬರುತ್ತವೆ. ತಲೆ ಕೊರೆಯುವ ಪ್ರಶ್ನೆ ಬೇರೆಯೇ: ಖರ್ಚು ಮಾಡಿ ಲಿಂಕ್ ಹಾಕಿಸಿದ ಜೀಪುಗಳೂ ಅದೇ ಏರಿನಲ್ಲಿ ಹಾಗೇ ಕುಣಿಯುತ್ತವಲ್ಲ, ಯಾಕೆ? ಒಳಗೆ ಬಗ್ಗಿ ನೋಡಿದರೆ ಪೈಪು ಕೈಗೆ ಹಿಡಿಯದಷ್ಟು ದಪ್ಪ, ಜಾಯಿಂಟು ದುಬಾರಿ, ವೆಲ್ಡಿಂಗ್ ಚೆಂದ. ತಪ್ಪಿರುವುದು ಒಂದೇ, ಮೇಲಿನ ಲಿಂಕಿನ ಬೋಲ್ಟು ಚಾಸಿಯಲ್ಲಿ ಕೂತ ಎತ್ತರ.

ನೆಲದ ಮೇಲೆ ಸೀಮೆಸುಣ್ಣ

ಈ ಲೆಕ್ಕಕ್ಕೆ ಕಂಪ್ಯೂಟರ್ ಬೇಕಿಲ್ಲ. ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಜೀಪಿನ ಪಕ್ಕನೋಟವನ್ನು ಪೂರ್ತಿ ಅಳತೆಯಲ್ಲಿ ಸೀಮೆಸುಣ್ಣದಿಂದ ಬರೆದು ದಾರ ಎಳೆದರೆ ಸಾಕು. 80 ಇಂಚಿನ ಗಿಡ್ಡ ಜೀಪಿಗೆ ವೀಲ್‌ಬೇಸ್ 2032 ಮಿ.ಮೀ. 30 ಇಂಚಿನ ಟೈರ್ ಅಂದುಕೊಳ್ಳಿ. ಜೀಪು ತನ್ನ ಮಾಮೂಲಿ ಎತ್ತರದಲ್ಲಿ, ಎಂದಿನ ಭಾರ ಹೊತ್ತು ನಿಂತಿರುವಾಗಿನ ಅಳತೆಗಳಿವು. ಕೆಳಗಿನ ಲಿಂಕಿನ ಬೋಲ್ಟು ಆಕ್ಸಲ್ ಕಡೆ ನೆಲದಿಂದ 330, ಚಾಸಿ ಕಡೆ 400, ನಡುವೆ ಅಡ್ಡಕ್ಕೆ 850. ಮೇಲಿನ ಲಿಂಕ್ ಆಕ್ಸಲ್ ಕಡೆ 530, ಚಾಸಿ ಕಡೆ 520, ಅಡ್ಡಕ್ಕೆ 620. ಆಕ್ಸಲ್ ಮೇಲೆ ಎರಡು ಬೋಲ್ಟುಗಳ ನಡುವೆ 200 ಮಿ.ಮೀ. ಅಂತರವಾಯಿತು. ಟೈರಿನ ಎತ್ತರದ ಕಾಲು ಭಾಗಕ್ಕಿಂತ ಕಡಿಮೆ ಅಂತರ ಕೊಡಬಾರದು. ಅಂತರ ಕಡಿಮೆಯಾದಷ್ಟೂ ಅದೇ ತಿರುಚನ್ನು ತಡೆಯಲು ಲಿಂಕು, ಬೋಲ್ಟುಗಳ ಮೇಲೆ ಬೀಳುವ ಎಳೆತ ಏರುತ್ತದೆ. ಮೇಲಿನದರ ಉದ್ದ ಕೆಳಗಿನದರ ಮುಕ್ಕಾಲು ಭಾಗದ ಆಸುಪಾಸಿನಲ್ಲಿದ್ದರೆ ಒಳ್ಳೆಯದು.

ಈಗ ಎರಡೂ ಲಿಂಕಿನ ಗೆರೆಗಳನ್ನು ಮುಂದಕ್ಕೆ ಎಳೆಯಿರಿ. ಅವು ಕೂಡುವುದು ಹಿಂದಿನ ಆಕ್ಸಲಿನಿಂದ ಸುಮಾರು 2030 ಮಿ.ಮೀ. ಮುಂದೆ, ನೆಲದಿಂದ 497 ಎತ್ತರದಲ್ಲಿ. ಆಕ್ಸಲ್ ತಾನು ಅಲ್ಲಿಗೆ ಕಟ್ಟಿದ ಒಂದೇ ಉದ್ದನೆಯ ತೋಳು ಎಂಬಂತೆ ವರ್ತಿಸುತ್ತದೆ. ಹಿಂದಿನ ಟೈರ್ ನೆಲ ಮುಟ್ಟುವ ಬಿಂದುವಿನಿಂದ ಈ ಕೂಡುಬಿಂದುವಿಗೆ ದಾರ ಕಟ್ಟಿ, ಮುಂದಿನ ಆಕ್ಸಲಿನ ನೇರಕ್ಕೆ ಅದು ಎಷ್ಟು ಎತ್ತರದಲ್ಲಿದೆ ಎಂದು ನೋಡಿ. ಅದನ್ನು ಗಾಡಿಯ ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವುದೇ ಆಂಟಿ-ಸ್ಕ್ವಾಟ್, ಅಂದರೆ ಎಕ್ಸಿಲರೇಟರ್ ಒತ್ತಿದಾಗ ಹಿಂಭಾಗ ಕೂರುವುದನ್ನು ಲಿಂಕುಗಳು ಎಷ್ಟು ತಡೆಯುತ್ತವೆ ಎಂಬ ಅಳತೆ; ಶೇ. 100 ದಾಟಿದರೆ ಹಿಂಭಾಗ ಏಳುತ್ತದೆ. ಭಾರಕೇಂದ್ರವನ್ನು ನಿಖರವಾಗಿ ಅಳೆಯುವುದು ಕಷ್ಟ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನ ಮೇಲಿನ ಬೋಲ್ಟುಗಳ ಎತ್ತರವನ್ನೇ ಹಿಡಿಯುವುದು ರೂಢಿ. ಅದು 700 ಎಂದಿಟ್ಟುಕೊಂಡರೆ 497ಕ್ಕೆ ಶೇ. 71 ಬಂತು. ನಿಧಾನವಾಗಿ ಹತ್ತುವ ಗಾಡಿಗೆ ಒಳ್ಳೆಯ ಅಂಕಿ.

ಚಾಸಿಯ ಮೇಲೆ ಸೈಲೆನ್ಸರ್ ಪೈಪೋ ಟ್ಯಾಂಕೋ ಅಡ್ಡ ಬಂತೆಂದು ಮೇಲಿನ ಲಿಂಕಿನ ಚಾಸಿ ಬೋಲ್ಟನ್ನು 60 ಮಿ.ಮೀ. ಕೆಳಗಿಳಿಸಿ, 460ಕ್ಕೆ ತಂದರು ಅನ್ನಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ಗೆರೆಗಳು ಈಗ ಕೂಡುವುದು 1024 ಮಿ.ಮೀ. ಮುಂದೆ, 414 ಎತ್ತರದಲ್ಲಿ. ದಾರ ಮುಂದಿನ ಆಕ್ಸಲಿನ ನೇರಕ್ಕೆ 822ಕ್ಕೆ ಏರುತ್ತದೆ. ಆಂಟಿ-ಸ್ಕ್ವಾಟ್ ಶೇ. 117. ಅಂದರೆ ಎಕ್ಸಿಲರೇಟರ್ ಒತ್ತಿದಾಗ ಜೀಪಿನ ಹಿಂಭಾಗ ಕೂರುವ ಬದಲು ಏಳುತ್ತದೆ. ಲಿಂಕುಗಳು ಚಾಸಿಯನ್ನು ಎತ್ತುತ್ತವೆ, ಟೈರನ್ನು ನೆಲಕ್ಕೆ ಒತ್ತುತ್ತವೆ. ಟೈರ್ ಜಾರಿದೊಡನೆ ಎತ್ತಿದ್ದು ಕುಸಿಯುತ್ತದೆ, ಹಿಡಿತ ಸಿಕ್ಕೊಡನೆ ಮತ್ತೆ ಏಳುತ್ತದೆ. ಮೊದಲು ನೋಡಿದ ಧಡ್ ಧಡ್ ಇದೇ. ಪೈಪಿನ ದಪ್ಪ ಇಲ್ಲಿ ಏನೂ ಮಾಡುವುದಿಲ್ಲ.

(ಈ ಶೇಕಡಾ ಲೆಕ್ಕ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವಾಗಿನದು. ನಾಲ್ಕೂ ಚಕ್ರ ಎಳೆಯುವಾಗ ಹಿಂದಿನ ಪಾಲು ಇಳಿಯುತ್ತದೆ, ಪರಿಣಾಮವೂ ಇಳಿಯುತ್ತದೆ. ಆದರೆ ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ದುಡಿಮೆಯೆಲ್ಲ ಹಿಂದಕ್ಕೇ ಬರುತ್ತದೆ. ಅದಕ್ಕೇ ಕುಣಿತ ಏರಿನ ಬುಡದಲ್ಲಿ ಕಾಣುವುದಿಲ್ಲ, ಮುಕ್ಕಾಲು ಹತ್ತಿದ ಮೇಲೆ ಕಾಣುತ್ತದೆ.)

ಅದೇ 60 ಮಿ.ಮೀ. ಇನ್ನೊಂದು ಕಡೆಯೂ ಕಾಟ ಕೊಡುತ್ತದೆ. ಆಕ್ಸಲ್ 150 ಮಿ.ಮೀ. ಕೆಳಗಿಳಿದಾಗ ಮೊದಲ ಜೋಡಣೆಯಲ್ಲಿ ಪಿನಿಯನ್ ಮೂಗು (ಶಾಫ್ಟ್ ಬಂದು ಆಕ್ಸಲಿಗೆ ಸೇರುವ ತುದಿ) ಸುಮಾರು 4 ಡಿಗ್ರಿ ಮೇಲಕ್ಕೆ ತಿರುಗಿದರೆ ಎರಡನೆಯದರಲ್ಲಿ 8 ಡಿಗ್ರಿ ದಾಟುತ್ತದೆ. ಎರಡೂ ತುದಿಗೆ ಒಂದೊಂದೇ ಕ್ರಾಸ್ ಇರುವ ಶಾಫ್ಟಿಗೆ ಪಿನಿಯನ್ನೂ, ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ಟೂ ಒಂದಕ್ಕೊಂದು ಸಮಾನಾಂತರವಾಗಿರಬೇಕು, ವ್ಯತ್ಯಾಸ ಒಂದು ಡಿಗ್ರಿಯೊಳಗೆ. ಮೊಬೈಲಿನ ಮಟ್ಟ ನೋಡುವ ಆ್ಯಪ್ ಇದಕ್ಕೆ ಸಾಕು. ಗಿಡ್ಡ ಜೀಪಿನ ಗಿಡ್ಡ ಶಾಫ್ಟಿನಲ್ಲಿ ಈ ಕೋನ ಕೆಟ್ಟರೆ ಕ್ರಾಸ್ ಬೇಗ ಹೋಗುತ್ತದೆ, ಮತ್ತೆ ಬೈಸಿಕೊಳ್ಳುವುದು ಕ್ರಾಸ್ ಮಾಡಿದ ಕಂಪನಿ.

ಮೇಲಿನಿಂದ ನೋಡಿದಾಗ

ಆಕ್ಸಲ್ ಅಕ್ಕಪಕ್ಕ ಸರಿಯದಂತೆ ಹಿಡಿಯಲು ಎರಡು ದಾರಿ. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲಿಗೆ ಕಟ್ಟುವ ಪ್ಯಾನ್‌ಹಾರ್ಡ್ ರಾಡನ್ನು ಅಡ್ಡಕ್ಕೆ ಕೊಡುವುದು ಒಂದು. 900 ಮಿ.ಮೀ. ಉದ್ದದ ರಾಡು ಮಟ್ಟವಾಗಿ ಕೂತಿದ್ದರೆ, ಆಕ್ಸಲ್ 100 ಮಿ.ಮೀ. ಇಳಿದಾಗ ಪಕ್ಕಕ್ಕೆ ಸರಿಯುವುದು ಆರು ಮಿಲಿಮೀಟರಿಗೂ ಕಡಿಮೆ; ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ಮೇಲಿನ ಎರಡು ಲಿಂಕನ್ನು ತ್ರಿಕೋನವಾಗಿ ಇಡುವುದು: ಡಿಫರೆನ್ಷಿಯಲ್ ಮೇಲೆ ಹತ್ತಿರ ಹತ್ತಿರ, ಚಾಸಿಯಲ್ಲಿ ಅಗಲ. ನಮ್ಮ ಉದಾಹರಣೆಯಲ್ಲಿ ಬೋಲ್ಟಿನಿಂದ ಬೋಲ್ಟಿಗೆ ಆಕ್ಸಲ್ ಮೇಲೆ 120, ಚಾಸಿಯಲ್ಲಿ 640 ಇಟ್ಟರೆ ಎರಡೂ ಲಿಂಕಿನ ನಡುವಿನ ಕೋನ ಸುಮಾರು 45 ಡಿಗ್ರಿ. 40ಕ್ಕಿಂತ ಕೆಳಗಿಳಿದರೆ ತಿರುವಿನಲ್ಲಿ ಆಕ್ಸಲ್ ನೀನೊಂದು ಕಡೆ ನಾನೊಂದು ಕಡೆ ಎನ್ನುತ್ತದೆ.

ಇಲ್ಲೇ ಬಹಳ ಜನ ಪೈಪ್ ಹಾಳು ಮಾಡುವುದು. ಪಕ್ಕದಿಂದ ಅಳೆದ 620 ಅನ್ನೇ ಉದ್ದವೆಂದು ಕತ್ತರಿಸುತ್ತಾರೆ. ಲಿಂಕು ಓರೆಯಾಗಿ ಹೋಗುವುದರಿಂದ ಅದರ ನಿಜವಾದ ಉದ್ದ, ಬೋಲ್ಟಿನಿಂದ ಬೋಲ್ಟಿಗೆ, 672. ಐವತ್ತು ಮಿಲಿಮೀಟರ್ ಕಡಿಮೆ ಬಿದ್ದ ಪೈಪನ್ನು ಸೇರಿಸಲು ನಡುವೆ ಜೋಡು ಹಾಕುವುದು ಮಾತ್ರ ಬೇಡ.

ಪೈಪಿನ ಬಲ, ಕ್ವಿಂಟಲ್ ಲೆಕ್ಕದಲ್ಲಿ

ಪೈಪಿನ ಬಗ್ಗೆ ವಾದ ಜಾಸ್ತಿ, ತಿಳಿವಳಿಕೆ ಕಡಿಮೆ. ಉದ್ದಕ್ಕೆ ಒತ್ತಿದಾಗ ಈ ಗಾತ್ರದ ಯಾವ ಪೈಪೂ ಮುರಿಯುವುದಿಲ್ಲ. 50 ಮಿ.ಮೀ. ಹೊರವ್ಯಾಸ, 6 ಮಿ.ಮೀ. ದಪ್ಪದ ಕೊಳವೆ 900 ಉದ್ದಕ್ಕೆ ಬಾಗಿ ಕುಸಿಯಲು ಲೆಕ್ಕದ ಪ್ರಕಾರ ಇಪ್ಪತ್ತು ಟನ್ನಿಗೂ ಹೆಚ್ಚು ಬೇಕು. ಅದು ಡೊಂಕಾಗುವುದು ಕಲ್ಲಿನ ಮೇಲೆ ಕೂತಾಗ. ಹಳ್ಳ ದಾಟುವಾಗ ಹಿಂದಿನ ಚಕ್ರ ಗುಂಡಿಗಿಳಿದು ಕೆಳಗಿನ ಲಿಂಕಿನ ನಡುಮಧ್ಯ ಬಂಡೆಯ ಮೇಲೆ ಕೂರುತ್ತದೆ. ಆಗ 50-6 ಕೊಳವೆ, 350 ಮೆಗಾಪಾಸ್ಕಲ್ ತಾಳುವ ಉಕ್ಕಿನದಾದರೆ, ಸುಮಾರು 13 ಕ್ವಿಂಟಲ್ ತನಕ ಬಾಗದೆ ತಡೆಯುತ್ತದೆ. ನೀರಿನ ಲೈನಿಗೆ ಬಳಸುವ ಒಂದೂವರೆ ಇಂಚಿನ ಮೀಡಿಯಂ ಪೈಪು (ಹೊರಗೆ 48.3, ದಪ್ಪ 3.2) ಅದೇ ಜಾಗದಲ್ಲಿ ನಾಲ್ಕೂಕಾಲು ಕ್ವಿಂಟಲಿಗೇ ಕೈಚೆಲ್ಲುತ್ತದೆ. ಜೊತೆಗೆ ಅದರ ಸತುವಿನ ಲೇಪ ವೆಲ್ಡ್ ಮಾಡುವಾಗ ಹೊಗೆಯಾಗಿ ಎದ್ದು ಜ್ವರ ಬರಿಸುತ್ತದೆ, ವೆಲ್ಡನ್ನೂ ತೂತು ಮಾಡುತ್ತದೆ.

“ಹಾಗಾದರೆ ಗಟ್ಟಿ ಸರಳೇ ಹಾಕಿಬಿಡೋಣ” ಎಂಬುದು ಇನ್ನೊಂದು ಪಂಗಡ. ಅದೇ ಉಕ್ಕಿನ 40 ಮಿ.ಮೀ. ಗಟ್ಟಿ ಸರಳು 850 ಉದ್ದಕ್ಕೆ 8.4 ಕಿಲೋ ತೂಗುತ್ತದೆ. 50-6 ಕೊಳವೆ ಐದೂವರೆ ಕಿಲೋ. ಬಾಗುವಿಕೆ ತಡೆಯುವುದರಲ್ಲಿ ಸರಳು ಕೊಳವೆಗಿಂತ ಕಾಲು ಪಾಲು ಹಿಂದೆ. ಬಿದಿರನ್ನು ಕಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಸಿಡಿಡಬ್ಲ್ಯೂ (ವೆಲ್ಡ್ ಮಾಡಿ ತಣ್ಣಗೆ ಎಳೆದದ್ದು) ಅಥವಾ ಸೀಮ್‌ಲೆಸ್ (ಬೆಸುಗೆಯ ಗೆರೆ ಇಲ್ಲದ್ದು) ಟ್ಯೂಬ್ ಎಂದೇ ಕೇಳಿ. ಕೆಳಗಿನ ಲಿಂಕಿಗೆ 50-6. ಕಲ್ಲು ತಾಗದ ಮೇಲಿನವಕ್ಕೆ 44-5 ಸಾಕು.

ಬುಷ್ಷೋ, ಗುಂಡೋ

ರಾಡ್ ಎಂಡ್, ಅಂದರೆ ಗುಂಡು ಕೂತ ಲೋಹದ ಜಾಯಿಂಟು, ನೋಡಲು ರೇಸಿನ ಗಾಡಿಯ ಸಾಮಾನು. ಅಂತರ ತುಂಬುವ ಶಂಕುವಿನಾಕಾರದ ವಾಷರ್ ಹಾಕಿದರೆ ಚೆನ್ನಾಗಿ ಓರೆಯಾಗುತ್ತದೆ, ಉದ್ದವನ್ನೂ ಹೊಂದಿಸಬಹುದು. ಆದರೆ ಮಲೆನಾಡಿನ ಕೆಂಪು ರಾಡಿ ಗುಂಡಿನ ಸುತ್ತ ಸೇರಿಕೊಂಡರೆ ವಾಲ್ವ್ ಉಜ್ಜುವ ಪೇಸ್ಟಿನ ಕೆಲಸವನ್ನೇ ಮಾಡುತ್ತದೆ. ಗ್ರೀಸ್ ಬಳಿದರೆ ಮಣ್ಣು ಇನ್ನಷ್ಟು ಅಂಟುತ್ತದೆ. ಎಂಟೂ ತುದಿಗೆ ಗುಂಡು ಹಾಕಿದ ಜೀಪು ಒಂದೇ ಮಳೆಗಾಲದಲ್ಲಿ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಸದ್ದು ಮಾಡತೊಡಗುತ್ತದೆ.

ಆಕ್ಸಲ್ ಕಡೆ ರಬ್ಬರ್ ಬುಷ್, ಚಾಸಿ ಕಡೆ ರಾಡ್ ಎಂಡ್ ಕೊಡುವುದು ನನ್ನ ಮಟ್ಟಿಗೆ ಇಲ್ಲಿಗೆ ಹೊಂದುವ ಜೋಡಿ. ಬುಷ್ ಆರಿಸುವಾಗ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಸ್ಪೇರ್ ಅಂಗಡಿಯ ಕಪಾಟಿನಲ್ಲಿ ಸದಾ ಇರುವ ಗಾಡಿಯ ಬುಷ್ಷನ್ನೇ ತೆಗೆದುಕೊಂಡು, ಅದರ ಅಳತೆಗೆ ಬುಷ್ ಕೂರುವ ಉಂಗುರವನ್ನು ಲೇತಿನಲ್ಲಿ ತಿರುಗಿಸಿಕೊಳ್ಳಿ. ಉಂಗುರವನ್ನು ಪೈಪಿಗೆ ವೆಲ್ಡ್ ಮಾಡಿ, ಪೂರ್ತಿ ಆರಿದ ಮೇಲೆ ಲೇತಿನಲ್ಲಿ ಒಳಗಿನ ಅಳತೆ ಸರಿಪಡಿಸಿ, ಕೊನೆಗೆ ಬುಷ್ ಒತ್ತಬೇಕು. ವೆಲ್ಡಿನ ಬಿಸಿಗೆ ಉಂಗುರ ಎಳೆದುಕೊಂಡು ಅಂಡಾಕಾರವಾಗಿರುತ್ತದೆ. ಬುಷ್ ಒಳಗಿಟ್ಟುಕೊಂಡೇ ವೆಲ್ಡ್ ಮಾಡಿ ರಬ್ಬರ್ ಸುಟ್ಟ ವಾಸನೆಯನ್ನು ಎಷ್ಟೋ ಗ್ಯಾರೇಜುಗಳು ಕಂಡಿವೆ.

ರಾಡ್ ಎಂಡ್ ಕೂರುವ ಥ್ರೆಡ್ಡಿನ ತುಂಡನ್ನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲೋ ಮಾಚೇನಹಳ್ಳಿ ಕಡೆಯೋ ಯಾವ ಲೇತಿನವರೂ ತಿರುಗಿಸಿಕೊಡುತ್ತಾರೆ. ಯಾವ ಸರಳಿನಿಂದ ಎಂದು ಮಾತ್ರ ನೀವೇ ಹೇಳಬೇಕು. ಇಎನ್1ಎ ಎಂಬ ದರ್ಜೆಯ ಉಕ್ಕಿನ ಸರಳು ಬೆಣ್ಣೆಯ ಹಾಗೆ ಕತ್ತರಿಸುತ್ತದೆಂದು ಲೇತಿನವರಿಗೆ ಇಷ್ಟ. ಅದರಲ್ಲಿರುವ ಗಂಧಕದಿಂದ ವೆಲ್ಡ್ ಬಿರುಕು ಬಿಡುತ್ತದೆ. ಸಾದಾ ಮೈಲ್ಡ್ ಸ್ಟೀಲ್ ಸಾಕು. ಇಎನ್8 ಆದರೆ ವೆಲ್ಡಿಗೆ ಮೊದಲು 150ರಿಂದ 200 ಡಿಗ್ರಿ ಕಾಯಿಸಬೇಕು. 50-6 ಕೊಳವೆಯ ಒಳವ್ಯಾಸ 38. ಅದಕ್ಕೆ ಬಿಗಿಯಾಗಿ ಕೂರುವಂತೆ 45 ಮಿ.ಮೀ. ಒಳಹೋಗುವ ಮೆಟ್ಟಿಲು, ಹೊರಗೆ 50ರ ತಲೆ. ಎಂ22-1.5 ಥ್ರೆಡ್ಡಿಗೆ 20.5 ಡ್ರಿಲ್. ಕೊಳವೆಯ ತುದಿಯಿಂದ 25 ಮಿ.ಮೀ. ಬಿಟ್ಟು ಎದುರುಬದುರು ಎರಡು 12 ಮಿ.ಮೀ. ತೂತು ಕೊರೆದು ಅಲ್ಲೂ ವೆಲ್ಡ್ ತುಂಬಬೇಕು, ಬಾಯಿಯ ಸುತ್ತಲ ವೆಲ್ಡ್ ಒಂದನ್ನೇ ನಂಬಬಾರದು. ರಾಡ್ ಎಂಡ್ ಒಳಗೆ ಕನಿಷ್ಠ 33 ಮಿ.ಮೀ. ಥ್ರೆಡ್ ಕೂತಿರಲಿ. ಅರ್ಧ ಸುತ್ತಿಗೆ ಮುಕ್ಕಾಲು ಮಿಲಿಮೀಟರ್ ಉದ್ದ ಬದಲಾಗುವುದರಿಂದ ಎಡಗೈ ಥ್ರೆಡ್ಡಿನ ಟ್ಯಾಪ್ ಹುಡುಕುವ ಗೋಜು ಬೇಡ. ಬೋಲ್ಟ್ ಬಿಚ್ಚಿ ತಿರುಗಿಸಿದರಾಯಿತು.

ಎಡ, ಬಲದ ಲಿಂಕುಗಳು ಒಂದೇ ಉದ್ದ ಬರಬೇಕಾದರೆ ಗುಜರಿ ಚಾನೆಲ್ಲಿನ ಮೇಲೆ 853 ಮಿ.ಮೀ. ದೂರದಲ್ಲಿ ಎರಡು ಗೂಟ ವೆಲ್ಡ್ ಮಾಡಿ, ಎರಡನ್ನೂ ಅದರ ಮೇಲೇ ಕಟ್ಟಿ.

ಮಳೆಗಾಲದ ವೆಲ್ಡಿಂಗ್

ಕಿತ್ತುಬಂದ ಬ್ರಾಕೆಟ್ ಒಂದನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುವುದು ಬಹಳ. ಬೋಲ್ಟ್ ಹಾಯುವ ಆರು ಮಿಲಿಮೀಟರ್ ಪ್ಲೇಟಿನ ಕಿವಿಗಳು ನೆಟ್ಟಗಿವೆ, ಬೋಲ್ಟ್ ನೆಟ್ಟಗಿದೆ, ವೆಲ್ಡಿನ ಸಾಲೂ ಹಾಗೇ ಇದೆ. ಆದರೆ ವೆಲ್ಡಿನ ಅಂಚಿಗೆ ಸರಿಯಾಗಿ ಚಾಸಿಯ ತಗಡೇ ಹರಿದು ಬ್ರಾಕೆಟ್ಟಿನ ಜೊತೆ ಬಂದಿದೆ. ಚಾಸಿಯಲ್ಲಿ ಬ್ರಾಕೆಟ್ಟಿನ ಆಕಾರದ್ದೇ ಕಿಟಕಿ. ಅದರೊಳಗೆ ಕೆಂಪು ಮಣ್ಣು, ತುಕ್ಕಿನ ಪದರ. ಮೂರು ಮಿಲಿಮೀಟರ್ ಆಸುಪಾಸಿನ ಹಳೆಯ ತಗಡಿಗೆ ದಪ್ಪ ಬ್ರಾಕೆಟ್ಟನ್ನು ನೇರ ಅಂಟಿಸಿದರೆ ಆಗುವುದೇ ಇದು. ಮೊದಲು ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟಿ ನೋಡಿ. ಟಣ್ ಎನ್ನದೆ ಬೊದ್ ಎಂದ ಕಡೆ ತಗಡು ಹೋಗಿದೆ. ಗಟ್ಟಿ ಇದ್ದಲ್ಲಿ 5 ಮಿ.ಮೀ. ದಪ್ಪದ ಹೊದಿಕೆ ಪ್ಲೇಟು, ಬ್ರಾಕೆಟ್ಟಿಗಿಂತ ಎರಡೂ ಕಡೆ 75 ಮಿ.ಮೀ. ಉದ್ದ, ತುದಿಗಳು ಮೀನಿನ ಬಾಲದಂತೆ ಓರೆ. ಚಾಸಿಗೆ ಅಡ್ಡಲಾಗಿ ನೇರ ಲಂಬದ ವೆಲ್ಡ್ ಸಾಲು ಹಾಕಿದರೆ ಬಿರುಕಿಗೆ ನಾವೇ ಗೆರೆ ಹಾಕಿಕೊಟ್ಟಂತೆ. ಬ್ರಾಕೆಟ್ ಕೂರುವುದು ಈ ಹೊದಿಕೆಯ ಮೇಲೆ. ಕೆಳಗಡೆ ಮಣ್ಣು ಬೀಳಲು ಬಾಯಿ ತೆರೆದಿರಲಿ. ಪೆಟ್ಟಿಗೆಯಂತೆ ಮುಚ್ಚಿದ ಬ್ರಾಕೆಟ್ಟು ದೀಪಾವಳಿಯವರೆಗೂ ಒದ್ದೆ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ.

ಇಂಥ ಕೆಲಸಕ್ಕೆ 7018 ಎಲೆಕ್ಟ್ರೋಡ್ (ವೆಲ್ಡಿಂಗ್ ಕಡ್ಡಿ) ಒಳ್ಳೆಯದು ಎಂಬುದು ಸರಿ. ಆದರೆ ಅದರ ಗುಣವೆಲ್ಲ ಒಣಗಿರುವುದರಲ್ಲಿದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಕಡೆ ಜುಲೈನಲ್ಲಿ ಪೊಟ್ಟಣ ಒಡೆದು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಅದು 7018 ಅಲ್ಲ. ತೇವದ ಹೈಡ್ರೋಜನ್ ಬೆಸುಗೆಯೊಳಗೆ ಸೇರಿ, ಮೇಲೆ ನೀರುದೋಸೆಯಂತೆ ತೂತು ತೂತಾಗುವುದು ಕಣ್ಣಿಗೆ ಬೀಳುತ್ತದೆ. ಒಳಗೆ ತಡವಾಗಿ ಬಿಡುವ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಪೊಟ್ಟಣವನ್ನು ಬಚ್ಚಲ ಒಲೆಯ ಪಕ್ಕ ಇಟ್ಟು ಒಣಗಿಸಿದರೆ ಕೈಗೆ ಬಿಸಿ ಹತ್ತುತ್ತದೆ, ಲೇಪದೊಳಗಿನ ತೇವ ಹೋಗುವುದಿಲ್ಲ. 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಯಬೇಕು. ಅಡಿಕೆ ಡ್ರೈಯರಿನ ಬಿಸಿ ಅದರ ಹತ್ತಿರಕ್ಕೂ ಬರುವುದಿಲ್ಲ. ಓವನ್ ಇಲ್ಲದಿದ್ದರೆ ಕಡ್ಡಿಯ ಬದಲು ತಂತಿಯ ಸುರುಳಿಯಿಂದ ವೆಲ್ಡ್ ಮಾಡುವ ಮಿಗ್ ಯಂತ್ರ ಇರುವಲ್ಲಿಗೆ ಕೆಲಸ ಒಯ್ಯಿರಿ, ಇಲ್ಲವೇ ಬ್ರಾಕೆಟ್ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಹಳೆಯ ಎಸಿ ಟ್ರಾನ್ಸ್‌ಫಾರ್ಮರ್ ಯಂತ್ರಗಳಲ್ಲಿ 7018 ಸರಿಯಾಗಿ ಉರಿಯುವುದೂ ಇಲ್ಲ. ಡಿಸಿಯಲ್ಲಿ ಹೋಲ್ಡರ್ ಪ್ಲಸ್ಸಿಗೆ ಇರಬೇಕು, 3.15 ಕಡ್ಡಿಗೆ 110ರಿಂದ 140 ಆಂಪಿಯರ್. ಬೆಸುಗೆಯ ಸುತ್ತ ಒಂದಿಂಚು ಬಣ್ಣ, ತುಕ್ಕು ಏನೂ ಉಳಿಯದಂತೆ ಗ್ರೈಂಡರ್ ಆಡಿಸಿ. ಬ್ಯಾಟರಿ ತಂತಿ ತೆಗೆಯಿರಿ, ಟ್ಯಾಂಕ್ ಇಳಿಸಿ.

ಆಕ್ಸಲ್ ಹೌಸಿಂಗಿನ ಮೇಲೆ ಇನ್ನೂ ಎಚ್ಚರ. ಒಂದೇ ಕಡೆ ಉದ್ದಕ್ಕೆ ವೆಲ್ಡ್ ಎಳೆದರೆ ಕೊಳವೆ ಬಾಳೆಕಾಯಿಯಾಗುತ್ತದೆ, ಆಮೇಲೆ ಸೀಲು, ಬೇರಿಂಗ್ ಎಷ್ಟು ಬದಲಿಸಿದರೂ ಎಣ್ಣೆ ಸೋರುತ್ತದೆ. ಶಾಫ್ಟುಗಳನ್ನು ಹೊರತೆಗೆದು, 25 ಮಿ.ಮೀ. ಹಾಕಿ, ಎದುರು ಕಡೆ 25 ಮಿ.ಮೀ. ಹಾಕಿ, ಕೈಯಿಟ್ಟು ನೋಡುವಷ್ಟು ಆರಿದ ಮೇಲೆ ಮುಂದಿನದು. ಕೆಲಸಕ್ಕೆ ಮೊದಲು ಕೈಯಲ್ಲೇ ಸಲೀಸಾಗಿ ಒಳಹೋಗುತ್ತಿದ್ದ ಶಾಫ್ಟ್ ಆಮೇಲೂ ಹಾಗೇ ಹೋಗಬೇಕು. ಡಿಫರೆನ್ಷಿಯಲ್ ಕೂತ ನಡುವಿನ ಎರಕದ ಭಾಗಕ್ಕೆ ಸಾದಾ ಕಡ್ಡಿಯಲ್ಲಿ ವೆಲ್ಡ್ ಮಾಡಬೇಡಿ. ಎರಕಕ್ಕೆ ನಿಕ್ಕಲ್ ಕಡ್ಡಿ, ಮೊದಲೇ ಕಾಯಿಸುವುದು, ನಿಧಾನ ಆರಿಸುವುದು ಎಲ್ಲ ಬೇಕು. ಕೊಳವೆಯಿಂದ ಕೊಳವೆಗೆ ಸೇತುವೆಯಂತೆ ಪ್ಲೇಟ್ ಕಟ್ಟಿ ಮೇಲಿನ ಬ್ರಾಕೆಟ್ಟನ್ನು ಅದರ ಮೇಲೆ ಕೂರಿಸುವುದು ವಾಸಿ.

ಟ್ಯಾಕ್ ಮಾಡಿ, ಜಾಕ್ ಹಾಕಿ

ಕೊನೆಯ ವೆಲ್ಡಿಗೆ ಮೊದಲು ಎಲ್ಲವನ್ನೂ ಬರೀ ಟ್ಯಾಕ್ ಮಾಡಿ (ಚುಕ್ಕೆ ವೆಲ್ಡಿನಲ್ಲಿ ಹಿಡಿಸಿ), ಸ್ಪ್ರಿಂಗ್ ಇಲ್ಲದೆ ಜೋಡಿಸಿ, ಒಂದೊಂದೇ ಚಕ್ರದ ಕೆಳಗೆ ಜಾಕ್ ಹಾಕಿ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಓಡಿಸಿ. ಟೈರ್ ಚಾಸಿಗೆ ತಾಗುತ್ತದೆಯೇ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆಯೇ, ಶಾಫ್ಟಿನ ಸ್ಪ್ಲೈನ್ ತುದಿಗೆ ಬರುತ್ತದೆಯೇ, ಕ್ರಾಸ್ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡಿ. ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲರೂ ಮರೆಯುವ ವಸ್ತು. ಶಾಕ್ ಅಬ್ಸಾರ್ಬರ್ ಪೂರ್ತಿ ಮುದುಡುವ ಮೊದಲು ಬಂಪ್ ಸ್ಟಾಪ್ ತಾಗಬೇಕು, ಪೂರ್ತಿ ಚಾಚುವ ಮೊದಲು ಪಟ್ಟಿ ತಡೆಯಬೇಕು. ಸ್ಪ್ರಿಂಗಿನ ಲೆಕ್ಕ ಸುಲಭ: ಒಂದು ಮೂಲೆಗೆ 250 ಕಿಲೋ ಬಿದ್ದು 125 ಮಿ.ಮೀ. ಕೂರಬೇಕೆಂದರೆ ಮಿಲಿಮೀಟರಿಗೆ 2 ಕಿಲೋದ್ದು. ತೋಟದ ಜೀಪಾದರೆ ಗೊಬ್ಬರದ ಮೂಟೆಯನ್ನೂ ಸೇರಿಸಿ ಲೆಕ್ಕ ಹಾಕಿ.

ಒಂದು ಮಾತು ನಡುವೆ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಇದು ತೋಟದೊಳಗಿನ, ಸ್ಪರ್ಧೆಯ ಗಾಡಿಯ ಕೆಲಸ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪಿಗೆ ಇದನ್ನು ಮಾಡಿಸಬೇಡಿ. ಅಪಘಾತವಾದ ದಿನ ವಿಮೆಯವರ ಮುಂದೆ ಆಡಲು ಮಾತಿರುವುದಿಲ್ಲ.

ಬೋಲ್ಟುಗಳ ತಲೆಯ ಮೇಲೆ 8.8 ಅಥವಾ 10.9 ಎಂದು ಕೆತ್ತಿರಬೇಕು. ಕಿವಿಯ ತೂತನ್ನು ಗ್ಯಾಸಿನಲ್ಲಿ ಸುಡದೆ ಡ್ರಿಲ್ಲಿನಲ್ಲೇ ಕೊರೆಯಿರಿ. ಎಂ14 ಬೋಲ್ಟಿಗೆ 14ರ ತೂತು, ಕೈಯಲ್ಲಿ ತಳ್ಳಿದರೆ ಹೋಗಬೇಕು, ಅಲ್ಲಾಡಬಾರದು. ಕಿವಿಯೊಳಗೆ ಬರುವುದು ಬೋಲ್ಟಿನ ನುಣುಪಾದ ಭಾಗ. ಥ್ರೆಡ್ ಅಲ್ಲಿ ಬಂದರೆ ಅರದಂತೆ ತೂತನ್ನು ತಿನ್ನುತ್ತದೆ. 8.8ರ ಎಂ14ಕ್ಕೆ 125 ನ್ಯೂಟನ್ ಮೀಟರ್ ಆಸುಪಾಸು. ರಬ್ಬರ್ ಬುಷ್ ಇರುವ ತುದಿಯನ್ನು ಜೀಪು ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗಲೇ ಬಿಗಿಯಬೇಕು. ಆಕ್ಸಲ್ ನೇತಾಡುತ್ತಿರುವಾಗ ಬಿಗಿದರೆ ಬುಷ್ ಆ ಸ್ಥಿತಿಯಲ್ಲೇ ಹಿಡಿದುಕೊಂಡು, ಜೀಪು ಕೆಳಗಿಳಿದ ಗಳಿಗೆಯಿಂದ ತಿರುಚಿಕೊಂಡೇ ಇರುತ್ತದೆ, ಒಂದೆರಡು ತಿಂಗಳಲ್ಲಿ ರಬ್ಬರ್ ಬಿಟ್ಟುಕೊಳ್ಳುತ್ತದೆ.

ಬಿಗಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೂರು ಕಿಲೋಮೀಟರ್ ಓಡಿದ ಮೇಲೆ ಮಣ್ಣು ತೊಳೆದು ಗೆರೆ ನೋಡಿ. ಕದಲಿದ್ದರೆ ಬರೀ ಬಿಗಿದು ಬಿಡಬೇಡಿ, ಬೋಲ್ಟ್ ಹೊರಗೆ ತೆಗೆಯಿರಿ. ತೂತು ಅಂಡಾಕಾರವಾಗಿದ್ದರೆ ಅದೇ 14ರ ತೂತಿರುವ 6 ಮಿ.ಮೀ. ಬಿಲ್ಲೆಯನ್ನು ಬೋಲ್ಟಿನಲ್ಲೇ ನಡುವಿಗೆ ಹಿಡಿದು ಕಿವಿಗೆ ವೆಲ್ಡ್ ಮಾಡಿದರೆ ಬ್ರಾಕೆಟ್ ಉಳಿಯುತ್ತದೆ. ಬುಷ್ಷನ್ನು ಮಾತ್ರ ಮೊದಲು ಬಿಚ್ಚಿಡಿ.